ಮಳೆ ಮೇಲಿನಿಂದ, ಬಾವಿ ಕೆಳಗಿನಿಂದ: ಒಂದೇ ನಕ್ಷೆ ಬರೆಯುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ದಿನದ ಮಳೆ ಅಳೆದು ಬರೆದಿಡುವ ಅಡಿಕೆ ಕೃಷಿಕರಿದ್ದಾರೆ. ಆ ಅಂಕಿಗಳ ಪಕ್ಕದಲ್ಲಿ ಬಾವಿಯ ನೀರಿನ ಆಳವನ್ನೂ ಬರೆದರೆ ಅವುಗಳ ಬೆಲೆ ಎಷ್ಟೋ ಹೆಚ್ಚುತ್ತದೆ. ಮುರಕಲ್ಲಿನ ನೆಲಕ್ಕೆ ಬಿದ್ದ ನೀರು ಬಾವಿಗಿಳಿಯಲು ಎಷ್ಟು ದಿನ ಬೇಕಾಯಿತು, ಮಳೆ ಬಿಟ್ಟ ಮೇಲೆ ಎಷ್ಟು ಬೇಗ ತಗ್ಗಿತು ಎಂಬುದು ಎರಡನ್ನೂ ಒಂದೇ ಹಾಳೆಯಲ್ಲಿ ಕಂಡಾಗಲೇ ತಿಳಿಯುವುದು. ಇದಕ್ಕೆ ಅಂಕಿಗಳಿಂದ ನಕ್ಷೆ (ಗ್ರಾಫ್) ಬರೆಯುವ ಗ್ನುಪ್ಲಾಟ್ ಎಂಬ ಮುಕ್ತ ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ.

ಮೊದಲು ಅಳತೆ. ಬಾಯಿಯ ವ್ಯಾಸ 16 ಸೆಂ.ಮೀ. ಇರುವ ಆಲಿಕೆಯಾದರೆ ಸಂಗ್ರಹವಾದ ಪ್ರತಿ 20 ಮಿ.ಲೀ. ನೀರು 1 ಮಿ.ಮೀ. ಮಳೆಗೆ ಸಮ. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಬಾವಿಯ ಆಳವನ್ನೂ ಅದೇ ಹೊತ್ತಿಗೆ, ಪಂಪು ಹಾಕುವ ಮೊದಲೇ, ಕಟ್ಟೆಯ ಒಂದೇ ಗುರುತಿನಿಂದ ಅಳೆಯಬೇಕು. ಪಂಪು ನಿಲ್ಲಿಸಿದ ಕೂಡಲೇ ಅಳೆದ ಮಟ್ಟ ನಂಬುವಂಥದ್ದಲ್ಲ.

ಸಾದಾ ಪಠ್ಯ ಕಡತದಲ್ಲಿ ದಿನಕ್ಕೊಂದು ಸಾಲು: ತಾರೀಕು, ಮಳೆ, ಆಳ, ನಡುವೆ ಖಾಲಿ ಜಾಗ. ಮಳೆ ಬಾರದ ದಿನ 0, ಅಳೆಯದ ದಿನ ಅಂಕಿ ಇಲ್ಲವೆಂದು ಸೂಚಿಸುವ NaN, ಅಂದರೆ ‘ಎನ್‌ಎಎನ್’. ಇಲ್ಲಿ ಸಡಿಲ ಬಿಡಬೇಡಿ. ಅಳೆಯದ ದಿನಕ್ಕೆ 0 ಹಾಕಿದರೆ ನಕ್ಷೆ ಬರವನ್ನು ಸೃಷ್ಟಿಸುತ್ತದೆ. ‘ಎನ್‌ಎಎನ್’ ಇದ್ದರೆ ಗೆರೆ ಅಲ್ಲಿ ತುಂಡಾಗುತ್ತದೆ, ಅದೇ ಸತ್ಯ. ಸ್ಪ್ರೆಡ್‌ಶೀಟಿನಿಂದ ನಕಲಿಸುವಾಗ 06-07 ಜುಲೈ 6ರ ಬದಲು ಜೂನ್ 7 ಆಗಿಬಿಡುವುದುಂಟು, ಪರೀಕ್ಷಿಸಿ.

ಗ್ನುಪ್ಲಾಟಿಗೆ ಕೊಡುವ ಆದೇಶಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆಯಬೇಕು. ‘ಸೆಟ್ ಎಕ್ಸ್‌ಡೇಟಾ ಟೈಮ್’ ಅಂದ ಮೇಲೆ ‘ಸೆಟ್ ಟೈಮ್‌ಎಫ್‌ಎಂಟಿ’ಯಲ್ಲಿ ತಾರೀಕಿನ ಮಾದರಿ ಕೊಡಿ. ಇಸವಿ ನಾಲ್ಕು ಅಂಕೆಯದ್ದಾದರೆ ‘ವೈ’ ಮಾತ್ರ ದೊಡ್ಡಕ್ಷರ, ಇಲ್ಲದಿದ್ದರೆ ತಾರೀಕುಗಳೆಲ್ಲ ತಪ್ಪುತ್ತವೆ. ಎಡ ಅಕ್ಷಕ್ಕೆ ಆಳ: ‘ವೈರೇಂಜ್’ 12ರಿಂದ 0, ಅಂದರೆ ನೀರು ಏರಿದಾಗ ಗೆರೆಯೂ ಏರುತ್ತದೆ. ಬಲದ ‘ವೈ2ರೇಂಜ್’ 400ರಿಂದ 0. ಆಗ ಮಳೆಯ ಕಂಬಗಳು ಮೇಲಿನಿಂದ ಜೋತುಬೀಳುತ್ತವೆ. 204.5 ಮಿ.ಮೀ. ಮತ್ತು ಮೇಲ್ಪಟ್ಟದ್ದು ಇಲಾಖೆಯ ಲೆಕ್ಕದಲ್ಲಿ ಅತ್ಯಂತ ಭಾರೀ ಮಳೆ. ಅಕ್ಷ ಅದರ ಎರಡು ಪಟ್ಟಿನಷ್ಟಿದ್ದರೆ ಕಂಬ ಅರ್ಧದಲ್ಲೇ ನಿಲ್ಲುತ್ತದೆ, ಬಾವಿಯ ಗೆರೆಗೆ ಸಾಮಾನ್ಯವಾಗಿ ಅಡ್ಡ ಬಾರದು. ‘ಸೆಟ್ ವೈ2ಟಿಕ್ಸ್’ ಮರೆತರೆ ಬಲಬದಿಯಲ್ಲಿ ಅಂಕೆಗಳೇ ಕಾಣವು.

ಹೆಚ್ಚಿನವರು ಎಡವುವುದು ಕಂಬದ ಅಗಲದಲ್ಲಿ. ಕಾಲದ ಅಕ್ಷದ ಮಾನ ಸೆಕೆಂಡು. ‘ಬಾಕ್ಸ್‌ವಿಡ್ತ್’ 0.8 ಎಂದರೆ ಒಂದು ಸೆಕೆಂಡೂ ಅಲ್ಲ, ಕಂಬ ಕೂದಲೆಳೆಯಂತೆ ಕಾಣುತ್ತದೆ. ದಿನಕ್ಕೆ 86400 ಸೆಕೆಂಡು, ಅದರ ಶೇ. 80, ಅಂದರೆ 69120 ಕೊಡಿ. ‘ಪ್ಲಾಟ್’ ಸಾಲಿನಲ್ಲಿ ಮಳೆಗೆ ‘ಯೂಸಿಂಗ್ 1:2 ಆಕ್ಸೀಸ್ ಎಕ್ಸ್1ವೈ2 ವಿತ್ ಬಾಕ್ಸಸ್’, ಬಾವಿಗೆ ‘ಯೂಸಿಂಗ್ 1:3 ವಿತ್ ಲೈನ್ಸ್‌ಪಾಯಿಂಟ್ಸ್’. ‘ಯೂಸಿಂಗ್’ ಬಿಟ್ಟರೆ ದೋಷ ತೋರಿಸಿ ನಿಲ್ಲುತ್ತದೆ. ಅದರ ಮುಂದಿನ 1, 2, 3 ಎಂದರೆ ಕಡತದ ತಾರೀಕು, ಮಳೆ, ಆಳದ ಅಂಕಣಗಳು.

ಕನ್ನಡದ ಹೆಸರುಗಳಿಗೆ ‘ಪಿಎನ್‌ಜಿಕೈರೋ’ ಟರ್ಮಿನಲ್ (ನಕ್ಷೆಯನ್ನು ಚಿತ್ರವಾಗಿ ಉಳಿಸುವ ವಿಧ) ಮತ್ತು ನೋಟೋ ಸಾನ್ಸ್ ಕನ್ನಡ ಫಾಂಟ್ ಬಳಸಿ. ಹಳೆಯ ‘ಪಿಎನ್‌ಜಿ’ಯಲ್ಲಿ ಒತ್ತಕ್ಷರಗಳು ಒಡೆಯಬಹುದು. ಪಠ್ಯ ಯೂನಿಕೋಡಿನಲ್ಲೇ ಇರಲಿ.

ಇನ್ನೊಂದು ಕೆಲಸ ಬಾಕಿ. ‘ಸೆಟ್ ಆರೋ’ದಿಂದ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಹುಟ್ಟುವ ದಿನಗಳಲ್ಲಿ ಲಂಬ ಗೆರೆ ಎಳೆಯಿರಿ, ‘ನೋಹೆಡ್’ ಸೇರಿಸಿದರೆ ಬಾಣದ ತುದಿ ಬರುವುದಿಲ್ಲ. ದಿನ ಆ ವರ್ಷದ ಪಂಚಾಂಗ ನೋಡಿಯೇ ಹಾಕಿ. ಯಾವ ನಕ್ಷತ್ರದ ಮಳೆಗೆ ಬಾವಿ ತುಂಬಿತು ಎಂದು ಮನೆಯ ಹಿರಿಯರು ಹೇಳುವುದನ್ನು ಆಗ ಅಂಕಿಗಳೊಂದಿಗೆ ಇಟ್ಟು ನೋಡಬಹುದು.