ಕ್ಯಾಲೆಂಡರ್ ಹಾಳೆ ಹರಿಯಬೇಡಿ

ಜನವರಿ ಬಂತೆಂದರೆ ನಮ್ಮ ಓಣಿಯ ಹುಡುಗಿಯರಿಗೆ ಹೊಸ ಡಬ್ಬಿ, ಹೊಸ ಬುಟ್ಟಿ, ಅದಕ್ಕೆ ಅಂಟಿಸೋ ಬಣ್ಣದ ಚೀಟಿ ಎಲ್ಲ ಬೇಕು. ನೋಡೋಕೆ ಚೆಂದ. ಫೆಬ್ರುವರಿ ಹೊತ್ತಿಗೆ ಸಕ್ಕರೆ ಅಂತ ಬರೆದ ಡಬ್ಬಿಯಲ್ಲಿ ರವೆ ಇರುತ್ತದೆ. ಸಿಲಿಂಡರ್ ಯಾವತ್ತು ಹಚ್ಚಿದಿರಿ ಅಂತ ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಅತ್ತಿ, ಎಲ್ಲಾ ಫೋನಿನ್ಯಾಗ ಐತಿ ಬಿಡ್ರಿ" ಅನ್ನುತ್ತಾಳೆ ನನ್ನ ಸೊಸೆ. ಆ ಫೋನು ಅವಳ ಜೊತೆ ತವರಿಗೆ ಹೋಗಿರುತ್ತದೆ. ಇಲ್ಲಿ ನಾನು ಗೋಡೆ ನೋಡಲಾ?

ಗೋಡೆಯನ್ನೇ ನೋಡಬೇಕು ಅನ್ನೋದೇ ನನ್ನ ಮಾತು. ಗೋಡೆಗೊಂದು ದೊಡ್ಡ ಅಂಕಿಯ ಕ್ಯಾಲೆಂಡರ್, ಅಷ್ಟೇ. ನಮ್ಮ ವರ್ಷ ಯುಗಾದಿಗೆ ಶುರು, ಅದು ಸರಿ. ಆದರೆ ಕ್ಯಾಲೆಂಡರ್ ಬದಲಾಗೋದು ಜನವರಿಗೆ ಅಲ್ವಾ? ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆ ಅಂತ ಚರಗ ಚೆಲ್ಲಿ ಬಂದ ಮಾರನೇ ದಿನ ಸಜ್ಜೆ ರೊಟ್ಟಿ, ಪುಂಡಿಪಲ್ಯ ಉಳಿದೇ ಇರುತ್ತದೆ, ಅಡುಗೆ ಕೆಲಸ ಇಲ್ಲ. ಆಗ ಚಾಪೆ ಹಾಸಿ, ಹಳೇ ಕ್ಯಾಲೆಂಡರ್ ಹೊಸದು ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಕೂತು, ಹಳೇದರಲ್ಲಿ ಬರೆದದ್ದನ್ನು ಹೊಸದಕ್ಕೆ ಇಳಿಸುತ್ತೇನೆ. ಒಂದು ತಿಂಗಳ ಹಾಳೆ ಮುಗಿಸದೆ ಇನ್ನೊಂದು ತಿರುವಬಾರದು. ತಿಂಗಳು ಮುಗಿಯಿತು ಅಂತ ಹಾಳೆ ಹರಿದು ಒಗ್ಗರಣೆ ಡಬ್ಬಿ ಕೆಳಗೆ ಹಾಸೋರಿದ್ದಾರಲ್ಲ, ಅವರಿಗೆ ಪಕ್ಕ ಇಟ್ಟುಕೊಳ್ಳೋಕೆ ಏನಿರುತ್ತದೆ? ಹರಿಯಬೇಡಿ, ಹಿಂದಕ್ಕೆ ಮಡಚಿ.

ತಾರೀಕು ಕದಲದ್ದನ್ನೆಲ್ಲ ಪೆನ್ನಿನಲ್ಲಿ ಬರೆಯಿರಿ. ಮಕ್ಕಳ ಹುಟ್ಟಿದ ದಿನ, ವಿಮೆ ಕಂತು. ಮನೆ ಕಂದಾಯ ಏಪ್ರಿಲ್ ಒಳಗೇ ಕಟ್ಟಿದರೆ ನೂರಕ್ಕೆ 5 ಬಿಡುತ್ತಾರೆ, ಅದು. ನವೆಂಬರಿನಲ್ಲಿ ನಮ್ಮ ಯಜಮಾನರು ಪಿಂಚಣಿಗೆ ಕೊಡೋ 'ಬದುಕಿದ್ದೇನೆ' ಅನ್ನೋ ಕಾಗದ. ಗ್ಯಾಸಿನ ಕಿತ್ತಳೆ ಬಣ್ಣದ ಪೈಪು 5 ವರ್ಷಕ್ಕೊಮ್ಮೆ ಬದಲಿಸಬೇಕು, ಅದರ ವರ್ಷವನ್ನು ಹೊದಿಕೆ ಹಾಳೆ ಮೇಲೇ ಬರೆದಿಡುತ್ತೇನೆ. ಕದಲೋದನ್ನು ಪೆನ್ಸಿಲಿನಲ್ಲಿ. ನಲ್ಲಿ ನೀರು ಬಿಡೋ ದಿನ, ಸಿಲಿಂಡರ್ ಹಚ್ಚಿದ ದಿನ, ಹಾಲು ಬೇಡ ಅಂದ ದಿನ. ದೊಡ್ಡ ಕೆಲಸ ಇದ್ದರೆ ಅದಕ್ಕೆ ಎಂಟು ದಿನ ಮುಂಚಿನ ತಾರೀಕಿನ ಚೌಕದಲ್ಲಿ ಒಂದು ಚುಕ್ಕೆ. ಚುಕ್ಕೆ ಕಂಡಿತು ಅಂದರೆ ದುಡ್ಡು ತೆಗೆದಿಡು ಅಂತ.

ಪೆನ್ಸಿಲನ್ನು ಸುತಳಿಯಿಂದ ಮೊಳೆಗೇ ಕಟ್ಟಬೇಕು. ಸುತಳಿ ಎಷ್ಟುದ್ದ ಅಂದರೆ, ಪೆನ್ಸಿಲ್ ಕೆಳಗಿನ ಸಾಲಿನ 31ಕ್ಕೆ ಮುಟ್ಟಬೇಕು, ಮೊಮ್ಮಗನ ಕೈಗೆ ಸಿಗಬಾರದು. ಹಳೇ ಕ್ಯಾಲೆಂಡರ್ ಹೊಸದರ ಹಿಂದೆ ಅದೇ ಮೊಳೆಗೆ.

ನಮ್ಮ ಅತ್ತೆಗೆ ಓದು ಬರುತ್ತಿರಲಿಲ್ಲ. ಬಾಗಿಲ ಹಿಂದೆ ಸುಣ್ಣದ ಗೆರೆ ಎಳೆದು ಹಾಲಿನ ಲೆಕ್ಕ ಇಡುತ್ತಿದ್ದರು. ಹಾಲಿನವನು ಒಂದು ದಿನ ಜಾಸ್ತಿ ಹೇಳಿದರೆ ಮಾತಾಡುತ್ತಿರಲಿಲ್ಲ, ಬಾಗಿಲು ತಿರುಗಿಸಿ ತೋರಿಸುತ್ತಿದ್ದರು.

ಜನವರಿ ಹಾಳೆಯಲ್ಲಿ ನಾನು 'ಬೇಳೆ' ಅಂತಲೂ ಬರೆಯುತ್ತೇನೆ, ಹೊಸ ತೊಗರಿ ಬರೋ ಕಾಲ. ಬೇಳೆಗೆ ಅಂಗೈಗೆ ಹತ್ತುವಷ್ಟು ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿ. ಆದರೆ ಆರಿದ ಮೇಲೆ ತುಂಬಿ, ತಾಯಿ! ಬಿಸಿ ಬಿಸಿ ತುಂಬಿದರೆ ಡಬ್ಬಿಯೊಳಗೆ ಬೆವರುತ್ತದೆ, ಆಮೇಲೆ ಅಂಗಡಿಯವನನ್ನು ಬೈಯುತ್ತೀರಿ.

ಈಗ ಎಲ್ಲರೂ ಮಾಡೋ ತಪ್ಪು. ಹಬ್ಬ, ಜಾತ್ರೆಗಳನ್ನು ಹೋದ ವರ್ಷದ ತಾರೀಕಿನ ಮೇಲೆ ಇಳಿಸಬಾರದು. ಅವು ಹೆಚ್ಚಾಗಿ ತಿಥಿ ಮೇಲೆ ನಡೆಯುತ್ತವೆ. ಕೊಪ್ಪಳದ ಗವಿಸಿದ್ದೇಶ್ವರ ತೇರು ಪುಷ್ಯ ಬಹುಳ ಬಿದಿಗೆಗೆ. 2024ರಲ್ಲಿ ಅದು ಜನವರಿ 27ಕ್ಕೆ ಬಂದಿತ್ತು, 2025ರಲ್ಲಿ 15ಕ್ಕೇ ಬಂತು. ನಮ್ಮ ಮಹಿಳಾ ಸಂಘ ಪ್ರತಿ ವರ್ಷ ದಾಸೋಹಕ್ಕೆ ಜೋಳದ ಕಡಕ್ ರೊಟ್ಟಿ ಕೊಡುತ್ತದೆ. ಲೆಕ್ಕ ಬರೆಯೋ ಹುಡುಗಿ ಡಿಸೆಂಬರಿನಲ್ಲೇ ಹೊಸ ಪುಸ್ತಕ ಹಾಕಿದಳು, ಗೆರೆ ಎಲ್ಲ ನೀಟಾಗಿ ಎಳೆದಳು, 'ರೊಟ್ಟಿ ಬಡಿಯುವುದು, 20' ಅಂತ ಬರೆದಳು. ಹಳೇ ಪುಸ್ತಕ ನೋಡಿ ಇಳಿಸಿದ್ದು! ತೇರು ಎಳೆದು ಐದು ದಿನ ಆದ ಮೇಲೆ ಹಂಚು ಕಾಯಿಸೋರಿದ್ದರು. ನಮ್ಮ ಗೋಡೆಯ ಮೇಲೆ 7ನೇ ತಾರೀಕಿಗೆ ಚುಕ್ಕೆ ಇದ್ದದ್ದಕ್ಕೆ ಗೊತ್ತಾಯಿತು. ಆ ಸಂಜೆಯೇ ಜೋಳ ಗಿರಣಿಗೆ ಹೋಯಿತು, ಮೂರು ಮನೆಯ ಒಲೆ ಒಟ್ಟಿಗೆ ಹಚ್ಚಿದೆವು.

ಸಂಘದ ವಿಷಯಕ್ಕೆ ಬಂದರೆ ಜಾಸ್ತಿ ಹೇಳೋದಿಲ್ಲ. ನಡಾವಳಿ, ನಗದು, ಉಳಿತಾಯ-ಸಾಲ, ಮೂರಕ್ಕೂ ಬೇರೆ ಬೇರೆ ಪುಸ್ತಕ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೀನಿ ಅನ್ನಬೇಡಿ, ಗುಲಾಬಿ ಹೂವಿನ ಶುಭೋದಯಗಳ ಕೆಳಗೆ ಅದು ಎಲ್ಲಿ ಹೂತು ಹೋಗುತ್ತದೋ. ವರ್ಷದ ಮೊದಲ ಸಭೆಯಲ್ಲಿ ಪೆಟ್ಟಿಗೆ ದುಡ್ಡನ್ನು ಎಲ್ಲರ ಮುಂದೆ ಚಾಪೆ ಮೇಲೆ ಸುರಿದು ಎಣಿಸಿ. ಪುಸ್ತಕ ಇಟ್ಟುಕೊಳ್ಳೋಳ ಮನೆಯಲ್ಲಿ ಕೀಲಿ ಇರಬಾರದು. ನಮ್ಮ ಸಂಘದ ಕೀಲಿ ನಮ್ಮನೆಯಲ್ಲಿದೆ, ಅದೇ ಮೊಳೆಗೆ, ಎರಡು ಕ್ಯಾಲೆಂಡರ್ ಹಿಂದೆ. ನಿಮಗೆ ಹೇಳಿದ್ದೇ ತಪ್ಪಾಯಿತು, ನಾಳೆ ಜಾಗ ಬದಲಿಸುತ್ತೇನೆ.