ಮರಳುಗಾಡಿನಲ್ಲಿ ಹಕ್ಕಿ ಫೋಟೊ: ಬೆಳಗಿನ ಕೆಲಸ ಹತ್ತು ಗಂಟೆಯೊಳಗೆ ಮುಗಿಸಿ

ಮರಳುಗಾಡಿನಲ್ಲಿ ನಾನು ತೆಗೆದ ಮೊದಲ ಮುನ್ನೂರು ಫೋಟೊಗಳಲ್ಲಿ ಒಂದೂ ಸ್ಪಷ್ಟವಾಗಿರಲಿಲ್ಲ. ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ನಿಜಕ್ಕೂ ಕೈಕೊಟ್ಟಿದ್ದು ನಾನು ಹೋದ ಹೊತ್ತು. ಬಿಸಿಲೇರಿದ ಮೇಲೆ ಕಾದ ನೆಲದಿಂದ ಬಿಸಿಗಾಳಿ ಮೇಲೇಳುತ್ತದೆ. ಉರಿಯುವ ಒಲೆಯಾಚೆ ಇರುವುದೆಲ್ಲ ನಡುಗಿದಂತೆ ಕಾಣುತ್ತದಲ್ಲ, ಹಾಗೆಯೇ ಇಲ್ಲೂ. ಹಕ್ಕಿಗೂ ನಿಮಗೂ ನಡುವೆ ಅಂಥ ಗಾಳಿ ನೂರು ಮೀಟರ್ ಇದ್ದರೆ ಎಷ್ಟೇ ದುಬಾರಿ ಲೆನ್ಸ್ ಹಾಕಿದರೂ ಗರಿಯ ಗೆರೆ ಸಿಗುವುದಿಲ್ಲ. ಆದ್ದರಿಂದ ದಿನವನ್ನು ಎರಡು ತುಂಡು ಮಾಡಿಕೊಳ್ಳಿ. ಬೆಳಿಗ್ಗೆ ಒಂದು, ಸಂಜೆ ಒಂದು.

ಹಿಂದಿನ ಸಂಜೆ

ಜಾಗ ನೋಡಿ ಬನ್ನಿ. ನೀರು ಎಲ್ಲಿದೆ, ಸೂರ್ಯ ಯಾವ ಕಡೆ ಹುಟ್ಟುತ್ತಾನೆ, ಇವೆರಡು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಸೂರ್ಯ ನಿಮ್ಮ ಬೆನ್ನಿಗಿರಬೇಕು. ಸಂರಕ್ಷಿತ ಪ್ರದೇಶವಾದರೆ ಅನುಮತಿಯೂ ಕೈಯಲ್ಲಿರಲಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ 4 ಲೀಟರಿಗೆ ಕಡಿಮೆ ಬೇಡ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅಂತ ಯಾರಿಗಾದರೂ ಹೇಳಿ ಹೊರಡಿ. ಬಯಲೆಲ್ಲ ಒಂದೇ ಥರ ಕಾಣುವಾಗ ದಾರಿ ತಪ್ಪುವುದು ಬಹಳ ಸುಲಭ.

ಲೆನ್ಸ್ ಯಾವುದು ಅಂತ ಕೋಣೆಯಲ್ಲೇ ತೀರ್ಮಾನಿಸಿ, ಹಾಕಿಬಿಡಿ. ಗಾಳಿ ಬೀಸುವ ಬಯಲಲ್ಲಿ ಲೆನ್ಸ್ ಬದಲಿಸಿದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ದೂಳು ಕೂತೇ ಕೂರುತ್ತದೆ.

ಬೆಳಕು ಹರಿಯುವಾಗ

ಬೆಳಕು ಮೂಡುವ ಮೊದಲೇ ಜಾಗದಲ್ಲಿರಿ. ಮೊದಲು ನೆಲ ನೋಡಿ, ಆಮೇಲೆ ಆಕಾಶ. ರಾತ್ರಿ ಓಡಾಡಿದವರ ಹೆಜ್ಜೆಗುರುತು ಗಾಳಿ ಏಳುವವರೆಗೆ ಮಾತ್ರ ಉಳಿದಿರುತ್ತದೆ. ನೆಲಗುಬ್ಬಿಗಳ ಬಣ್ಣ ಮಣ್ಣಿನದೇ ಬಣ್ಣ, ಕೂತಲ್ಲಿ ಕಾಣುವುದಿಲ್ಲ. ಅಲುಗಾಟಕ್ಕೆ ಕಾಯಬೇಕು. ಹೂಪೋ ಲಾರ್ಕ್ ಎಂಬ ನೆಲಗುಬ್ಬಿ ಇರುವ ಕಡೆಯಾದರೆ ಕಿವಿಯೂ ತೆರೆದಿರಲಿ. ಗಂಡು ಸಿಳ್ಳೆ ಹಾಕುತ್ತಾ ನೇರ ಮೇಲಕ್ಕೆ ಹಾರಿ, ಕಪ್ಪುಬಿಳುಪು ರೆಕ್ಕೆ ಬಿಚ್ಚಿ ಕೆಳಗಿಳಿಯುತ್ತದೆ. ಕೆಲವು ಸೆಕೆಂಡಿನ ಆಟ. ಶಟರ್ ವೇಗ 1/2000 ಸೆಕೆಂಡಿಗೆ ಇಟ್ಟುಕೊಂಡೇ ಕಾಯಿರಿ.

ಒಳ್ಳೆಯ ಮರೆ ಅಂದರೆ ಕಾರು. ನಡೆದು ಬರುವ ಮನುಷ್ಯನಿಗೆ ಹೆದರುವ ಹಕ್ಕಿ, ನಿಂತ ಕಾರಿಗೆ ಅಷ್ಟಾಗಿ ಹೆದರುವುದಿಲ್ಲ. ಎಂಜಿನ್ ಆಫ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ನಡುಗುತ್ತದೆ. ಚಳಿ ಅಂತ ಹೀಟರ್ ಹಾಕಿದ್ದರೆ ಅದನ್ನೂ ಆರಿಸಿ. ಕಿಟಕಿಯಿಂದ ಹೊರಬರುವ ಬಿಸಿಗಾಳಿಯೂ ಚಿತ್ರ ಕೆಡಿಸುತ್ತದೆ. ಕಿಟಕಿಯ ಮೇಲೆ ಬೀನ್ ಬ್ಯಾಗ್ ಇಟ್ಟರೆ ಟ್ರೈಪಾಡ್ ಬೇಡ. ಅದಕ್ಕೆ ಕಾಳು ತುಂಬಿ. ಮರಳು ಪುಕ್ಕಟೆ ಸಿಗುತ್ತದೆ ನಿಜ, ಆದರೆ ಸೋರಿ ಕ್ಯಾಮೆರಾದೊಳಗೆ ಹೋಗುತ್ತದೆ.

ಇನ್ನು ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಅಳತೆ. ತಿಳಿ ಬಣ್ಣದ ಮರಳು ಕ್ಯಾಮೆರಾವನ್ನು ಮೋಸಗೊಳಿಸುತ್ತದೆ. 'ಬೆಳಕು ಜಾಸ್ತಿ ಇದೆ' ಅಂತ ಅದು ಚಿತ್ರವನ್ನೇ ಕಪ್ಪು ಮಾಡುತ್ತದೆ. ಸುಮಾರು +1 ಸ್ಟಾಪ್ (ಎರಡು ಪಟ್ಟು ಬೆಳಕು) ಕೊಟ್ಟು, ಚಿತ್ರದ ಬೆಳಕು-ಕತ್ತಲು ತೋರಿಸುವ ಹಿಸ್ಟೋಗ್ರಾಂ ನೋಡಿ ಸರಿಪಡಿಸಿ. ಅದೇ ಮರಳಿನಿಂದ ಒಂದು ಉಪಕಾರವೂ ಇದೆ. ಕೆಳಗಿನಿಂದ ಬೆಳಕು ಎರಚಿ ಹಕ್ಕಿಯ ಹೊಟ್ಟೆಯ ನೆರಳನ್ನು ತಿಳಿಯಾಗಿಸುತ್ತದೆ.

ಮುಂಜಾನೆ ನೆಲಕ್ಕೆ ಮಲಗಿ ತೆಗೆದ ಫೋಟೊ ಎಷ್ಟು ಚೆಂದವೋ, ಒಂಬತ್ತರ ನಂತರ ಅಷ್ಟೇ ಹಾಳು. ಗಾಳಿ ಅತಿ ಹೆಚ್ಚು ನಡುಗುವುದು ನೆಲದ ಹತ್ತಿರವೇ. ಆಗ ಎದ್ದು ಕೂರಿ. ದೂರದ ಹಕ್ಕಿಯ ಆಸೆ ಬಿಡಿ.

ನೀರಿನ ಬಳಿ

ಪಾರಿವಾಳದಂತೆ ಕಾಣುವ ಸ್ಯಾಂಡ್‌ಗ್ರೌಸ್ ನೋಡಲೇಬೇಕಾದ ಹಕ್ಕಿ. ಹಲವು ಜಾತಿಗಳು ಸೂರ್ಯ ಹುಟ್ಟಿದ ಒಂದೆರಡು ಗಂಟೆಯ ಮೇಲೆ ಗುಂಪಾಗಿ ನೀರಿಗೆ ಬರುತ್ತವೆ, ಕೆಲವು ಸಂಜೆ ಕತ್ತಲಾಗುವಾಗ. ಗಂಡು ತನ್ನ ಹೊಟ್ಟೆಯ ಗರಿಗಳನ್ನು ನೀರಲ್ಲಿ ಅದ್ದಿ, ಸ್ಪಂಜಿನಂತೆ ಹೀರಿಸಿಕೊಂಡು, ಹತ್ತಾರು ಕಿಲೋಮೀಟರ್ ದೂರದ ಮರಿಗಳಿಗೆ ಒಯ್ಯುತ್ತದೆ. ಮರಿಗಳು ಆ ಗರಿಗಳಿಂದಲೇ ನೀರು ಕುಡಿಯುತ್ತವೆ. ಇಂಗ್ಲೆಂಡಿನ ಪಕ್ಷಿತಜ್ಞ ಎಡ್ಮಂಡ್ ಮೀಡ್-ವಾಲ್ಡೊ 1896ರಲ್ಲೇ ಇದನ್ನು ಬರೆದಾಗ ಹೆಚ್ಚಿನವರು ನಂಬಲಿಲ್ಲ. 1967ರಲ್ಲಿ ಪಕ್ಷಿವಿಜ್ಞಾನಿಗಳಾದ ಟಾಮ್ ಕೇಡ್ ಮತ್ತು ಗಾರ್ಡನ್ ಮ್ಯಾಕ್ಲೀನ್ ಆಫ್ರಿಕಾದ ಕಲಹರಿ ಮರುಭೂಮಿಯ ಹಕ್ಕಿಗಳನ್ನು ಗಮನಿಸಿ ಅದು ನಿಜವೆಂದು ತೋರಿಸಿದರು.

ಇದು ಗೊತ್ತಿದ್ದರೆ ನೀರಿನ ದಡದಲ್ಲೇ ಹೋಗಿ ಕೂರಲು ಮನಸ್ಸು ಬರುವುದಿಲ್ಲ. ಗುಂಪು ಮೊದಲು ಸುತ್ತು ಹಾಕುತ್ತದೆ, ದೂರದಲ್ಲಿ ಇಳಿದು ನಡೆದು ಬರುತ್ತದೆ, ಗಬಗಬ ಕುಡಿದು ಹಾರಿಬಿಡುತ್ತದೆ. ನಿಮ್ಮನ್ನು ಕಂಡು ಹೆದರಿದರೆ ಕುಡಿಯದೇ ಹೋಗಬಹುದು. ಅವು ಬರುವ ಮೊದಲೇ ಮರೆಯಲ್ಲಿ ಕೂತಿರಿ, ಎಲ್ಲವೂ ಹೋದ ಮೇಲೇ ಏಳಿ. ಕಾಲು ಜೋಮು ಹಿಡಿಯುತ್ತದೆ, ಹಿಡಿಯಲಿ.

ನಡುಹಗಲು

ಕ್ಯಾಮೆರಾ ಒಳಗಿಡಿ. ಈ ಹೊತ್ತಿನಲ್ಲಿ ಮುಳ್ಳುಪೊದೆಯ ನೆರಳಲ್ಲಿ ಹಕ್ಕಿಗಳು ಬಾಯಿ ತೆರೆದು ಏದುಸಿರು ಬಿಡುತ್ತಾ ಕೂತಿರುತ್ತವೆ. ಅಲ್ಲಿಂದ ಎಬ್ಬಿಸಿದರೆ ಅವುಗಳ ಮೈಯ ನೀರು ಸುಮ್ನೆ ಪೋಲು. ನೆಲದ ಮೇಲಿನ ಗೂಡಂತೂ ಇನ್ನೂ ಸೂಕ್ಷ್ಮ. ತಾಯಿ ನಿಂತು ಮೊಟ್ಟೆಗೆ ನೆರಳು ಕೊಡುತ್ತಿರುತ್ತದೆ. ನಿಮಗೆ ಹೆದರಿ ಅದು ದೂರ ಸರಿದರೆ ಬಿಸಿಲಿಗೇ ಮೊಟ್ಟೆ ಸಾಯಬಹುದು. ಗೂಡಿನ ಫೋಟೊ ನನಗೆ ಬೇಡವೇ ಬೇಡ.

ಸಂಜೆ

ನೆಲ ತಣಿದಂತೆ ಚಿತ್ರ ಮತ್ತೆ ಸ್ಪಷ್ಟವಾಗುತ್ತದೆ. ಓರೆ ಬಿಸಿಲಲ್ಲಿ ಮರಳಿನ ಅಲೆಗಳಿಗೂ ನೆರಳು ಬರುತ್ತದೆ. ಹಕ್ಕಿ ಚಿಕ್ಕದಾಗಿ ಕಂಡರೂ ಅದರ ಊರು ಕಾಣುವಂತೆ ಅಗಲವಾಗಿ ತೆಗೆಯಿರಿ. ಟ್ರೈಪಾಡ್ ಬಳಸುವುದಾದರೆ ಕಾಲಿನ ಕೆಳತುದಿಯ ಭಾಗವನ್ನು ಮೊದಲು ಎಳೆಯಿರಿ. ಆಗ ಕೀಲು ಮರಳಿನಿಂದ ಮೇಲಿರುತ್ತದೆ.

ಕೋಣೆಗೆ ಬಂದಮೇಲೆ ಲೆನ್ಸಿಗೆ ಬಟ್ಟೆ ತಾಗಿಸಬೇಡಿ. ಮೊದಲು ಬ್ಲೋವರ್‌ನಿಂದ ಊದಿ, ಬ್ರಷ್ ಆಡಿಸಿ, ಬಟ್ಟೆ ಕೊನೆಗೆ. ಇಲ್ಲದಿದ್ದರೆ ಮರಳಿನ ಕಣ ಗೀರು ಬಿಡುತ್ತದೆ. ಡೇರೆಯಲ್ಲಿ ಮಲಗುವುದಾದರೆ ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ರಾತ್ರಿ ಅದರೊಳಗೆ ಚೇಳು ಮನೆ ಮಾಡಿರಬಹುದು.