ಮಲೆನಾಡ್ ರೋಡಿಗೆ ಸ್ವಿಫ್ಟ್ ಲೋಯರ್ ಮಾಡಿದ್ದು – ನನ್ನ ಅನುಭವ

ಕಾರ್ ಲೋಯರ್ ಮಾಡಿಸ್ಬೇಕು, ಅಂದ್ರೆ ಸ್ಪ್ರಿಂಗ್ ಬದಲಾಯ್ಸಿ ಎತ್ತರ ಕಮ್ಮಿ ಮಾಡಿಸ್ಬೇಕು, ಎಷ್ಟು ಇಳಿಸ್ಲಿ ಅಂತ ಕೇಳೋರಿಗೆ ನಾನು ಮೊದ್ಲು ಹೇಳೋದು ಇದೇ, ವೀಲ್ ಆರ್ಚ್ ಗ್ಯಾಪ್ (ಟೈರಿಗೂ ಅದರ ಮೇಲಿನ ಕಮಾನಿಗೂ ನಡುವಿನ ಜಾಗ) ನೋಡಿ ತೀರ್ಮಾನ ಮಾಡ್ಬೇಡಿ, ಒತ್ತೋಕೆ ಇನ್ನೆಷ್ಟು ಜಾಗ ಉಳಿದಿದೆ ಅಂತ ಶಾಕ್ ಅಬ್ಸಾರ್ಬರ್ ರಾಡ್ ನೋಡಿ ಮಾಡಿ. ನಂದು ಹಳೇ ಸ್ವಿಫ್ಟ್, ಗ್ರೌಂಡ್ ಕ್ಲಿಯರೆನ್ಸ್ 170 ಎಂಎಂ ಇರೋದು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರ ಜೋಡಿಸೋ ತೊಲೆ). ಶೋಗೆ ಅಂತ ಅಲ್ಲ, ಶಿವಮೊಗ್ಗದಿಂದ ಗಾಜನೂರು ದಾಟಿ ಮಂಡಗದ್ದೆ ಕಡೆ ತುಂಗೆ ಪಕ್ಕದಲ್ಲಿ ಬರೋ ಆ ತಿರುವುಗಳಲ್ಲಿ ಬಾಡಿ ಅತ್ಲಾಗಿತ್ಲಾಗೆ ವಾಲೋದು ಕಮ್ಮಿ ಆಗ್ಲಿ ಅಂತ ಮಾಡಿದ್ದು.

ಮೊದ್ಲು ಲೆಕ್ಕ ಹಾಕಿದೆ. ತಿರುವಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಎಷ್ಟು ಭಾರ ಹೋಗತ್ತೆ ಅನ್ನೋದು ಸಿಜಿ (ಕಾರಿನ ಗುರುತ್ವ ಕೇಂದ್ರ) ಎತ್ತರ ಮತ್ತೆ ಟ್ರ್ಯಾಕ್ ಅಗಲದ (ಎಡ-ಬಲ ಚಕ್ರಗಳ ನಡುವಿನ ದೂರ) ಮೇಲೆ ನಿಂತಿರೋದು. ಸಿಜಿ ನೆಲದಿಂದ ಅರ್ಧ ಮೀಟರ್ ಮೇಲಿದೆ ಅಂತಿಟ್ಕೊಂಡ್ರೆ 25 ಎಂಎಂ ಇಳಿಸಿದ್ರೂ ಆ ವರ್ಗಾವಣೆ ಕಮ್ಮಿ ಆಗೋದು 5 ಪರ್ಸೆಂಟ್ ಅಷ್ಟೇ. ಅಂದ್ರೆ ಲೋಯರ್ ಮಾಡಿದ್ಮೇಲೆ ಕಾರು ಟೈಟ್ ಆಯ್ತು ಅಂತ ಅನ್ಸೋದ್ರಲ್ಲಿ ಎತ್ತರದ ಪಾಲು ಚಿಕ್ಕದು, ಗಟ್ಟಿ ಸ್ಪ್ರಿಂಗು ಮತ್ತೆ ಒಳ್ಳೇ ಶಾಕ್ ಅಬ್ಸಾರ್ಬರ್ ಅಂದ್ರೆ ಡ್ಯಾಂಪರ್‌ದೇ ದೊಡ್ಡ ಪಾಲು. ಇದು ತಲೇಲಿ ಕೂತ್ಮೇಲೆ ಇನ್ನೂ ಇಳಿಸ್ಬೇಕು ಅನ್ನೋ ಆಸೆ ತಾನಾಗೇ ಹೋಗತ್ತೆ.

ಆಮೇಲೆ ಅಳತೆ. ಡಸ್ಟ್ ಬೂಟ್ (ಧೂಳು ತಡೆಯೋ ರಬ್ಬರ್ ಕವರ್) ಮೇಲಕ್ಕೆ ಸರಿಸಿ ಶಾಕ್ ರಾಡಿಗೆ ಒಂದು ಜಿಪ್ ಟೈ ಬಿಗಿದು ಬಿಟ್ಟೆ, ಸಸ್ಪೆನ್ಷನ್ ಒತ್ತಿಕೊಂಡಾಗೆಲ್ಲ ಶಾಕ್ ಬಾಡಿ ಅದನ್ನ ಮೇಲಕ್ಕೆ ತಳ್ಳತ್ತೆ, ತಳ್ಳಿದಲ್ಲೇ ಅದು ನಿಲ್ಲತ್ತೆ, ಹಾಗಾಗಿ ಗರಿಷ್ಠ ಎಷ್ಟು ಒತ್ತಿತ್ತು ಅಂತ ಆಮೇಲೆ ನೋಡ್ಬೋದು. ಹಾಗೇ ತೀರ್ಥಹಳ್ಳಿ ಮೇಲಿಂದ ಆಗುಂಬೆಗೆ ಹೋಗಿ ಘಾಟಿಯ 14 ಹೇರ್‌ಪಿನ್ ಇಳಿದು ಹತ್ತಿ ವಾಪಸ್ ಬಂದೆ. ಇಬ್ರು ಕೂತಾಗ ಮುಂದೆ ಬಂಪ್ ಸ್ಟಾಪ್ (ಸಸ್ಪೆನ್ಷನ್ ಒತ್ತೋದು ಕೊನೇಲಿ ನಿಲ್ಲೋ ರಬ್ಬರ್ ತಡೆ) ಮುಟ್ಟೋಕೆ ಸುಮಾರು 35 ಎಂಎಂ ಬಾಕಿ ಇತ್ತು. ಹಿಂದೆ ಮನೆಯೋರೆಲ್ಲ ಕೂತು ಡಿಕ್ಕೀಲಿ ಸಾಮಾನು ಇಟ್ರೆ ಬಾಕಿ ಇನ್ನೂ ಕಮ್ಮಿ. ಅಲ್ಲಿಗೆ ಉತ್ತರ ಸಿಕ್ತು, ಮುಂದೆ 25, ಹಿಂದೆ 15. ಅಂಗಡೀಲಿ ತೋರ್ಸಿದ 40 ಎಂಎಂ ಸ್ಪ್ರಿಂಗ್ ಹಾಕಿದ್ರೆ ಕಾರು ಚೆಂದ ಕಾಣ್ತಿತ್ತು ನಿಜ, ಆದ್ರೆ ನಮ್ ರೋಡಲ್ಲಿ ದೊಡ್ಡ ಉಬ್ಬು ಸಿಕ್ಕಾಗೆಲ್ಲ ಬಂಪ್ ಸ್ಟಾಪ್ ಬಡೀತಿತ್ತು.

ಬಂಪ್ ಸ್ಟಾಪ್ ಮುಟ್ಟಿದ್ರೆ ಕುಕ್ಕತ್ತೆ ಅಷ್ಟೇ ತಾನೆ ಅಂತಾರೆ, ಅಲ್ಲ, ಹ್ಯಾಂಡ್ಲಿಂಗ್ ಕೆಡೋದೇ ಅಲ್ಲಿ. ಘಾಟಿ ಇಳೀತಾ ಬ್ರೇಕ್ ಹಿಡಿದಾಗ ಮೂತಿ ಮೊದ್ಲೇ ಕೆಳಗೆ ಹೋಗಿರತ್ತೆ, ತಿರುವಲ್ಲಿ ಹೊರಗಿನ ಚಕ್ರ ಇನ್ನೂ ಒತ್ತಿರತ್ತೆ, ಆ ಹೊತ್ತಿಗೆ ಮೋರಿ ಹತ್ರ ಒಂದು ಉಬ್ಬು ಸಿಕ್ತು ಅಂದ್ರೆ ಸಸ್ಪೆನ್ಷನ್‌ಗೆ ಹೋಗೋಕೆ ಜಾಗಾನೇ ಇಲ್ಲ, ಸ್ಪ್ರಿಂಗ್ ಒಮ್ಮೆಲೇ ಕಲ್ಲಾದ ಹಾಗೆ, ಮುಂದಿನ ಹೊರಚಕ್ರದ ಮೇಲೆ ಒಂದೇ ಸಲ ಭಾರ ಬಿದ್ದು ಟೈರು ಹಿಡಿತ ಬಿಡತ್ತೆ, ಕಾರು ತಿರುವಿಂದ ಆಚೆ ಜಾರತ್ತೆ. ವರ್ಷಕ್ಕೆ 7000 ಎಂಎಂ ದಾಟಿ ಮಳೆ ಬೀಳೋ ಆಗುಂಬೆ ಕಡೆ, ಪಾಚಿ ಕಟ್ಟಿದ ರೋಡಲ್ಲಿ ಇದು ಹುಡುಗಾಟ ಅಲ್ಲ.

ಇನ್ನೊಂದು ವಿಷ್ಯ ಜಾಸ್ತಿ ಜನ ನೋಡಲ್ಲ, ಲೋಯರ್ ಆರ್ಮ್ (ಚಕ್ರವನ್ನ ಬಾಡಿಗೆ ಸೇರ್ಸೋ ಕೆಳಗಿನ ತೋಳು) ಕೋನ. ಏನೂ ಬದಲಾಯ್ಸದ ಸ್ಟಾಕ್ ಕಾರಲ್ಲಿ ಅದು ಚಕ್ರದ ಕಡೆಗೆ ಸ್ವಲ್ಪ ಕೆಳಮುಖ ಇರತ್ತೆ. ಇಳಿಸ್ತಾ ಹೋದ ಹಾಗೆ ಮಟ್ಟಸ ಆಗಿ ಆಮೇಲೆ ಮೇಲ್ಮುಖ ಆಗತ್ತೆ. ಸ್ಟ್ರಟ್ ಕಾರಲ್ಲಿ ಸಿಜಿ ಇಳಿಯೋದಕ್ಕಿಂತ ಜೋರಾಗಿ ರೋಲ್ ಸೆಂಟರ್ (ಬಾಡಿ ಯಾವ ಬಿಂದುವಿನ ಸುತ್ತ ವಾಲತ್ತೋ ಅದು) ಇಳಿಯತ್ತೆ, ಎರಡರ ನಡುವಿನ ಅಂತರ ಹೆಚ್ಚಾದ್ರೆ ಕಾರು ವಾಲೋ ಪ್ರವೃತ್ತಿನೂ ಹೆಚ್ಚೇ, ಸ್ಪ್ರಿಂಗ್ ಗಟ್ಟಿ ಇರೋದ್ರಿಂದ ಅದು ಗೊತ್ತಾಗಲ್ಲ. ಜೊತೆಗೆ ವಾಲಿದಾಗ ಟೈರನ್ನ ರೋಡಿಗೆ ನೆಟ್ಟಗೆ ಇಡೋ ಕ್ಯಾಂಬರ್ ಗೇನೂ (ಸಸ್ಪೆನ್ಷನ್ ಒತ್ತಿದಾಗ ಚಕ್ರದ ತಲೆ ಒಳಗೆ ವಾಲೋದು) ಹೋಗತ್ತೆ. 25ಕ್ಕೆ ನನ್ನ ಆರ್ಮ್ ಹತ್ರಹತ್ರ ಮಟ್ಟಸ ನಿಂತಿದೆ, ಅಲ್ಲಿಗೆ ಸಾಕು.

ಸ್ಪ್ರಿಂಗ್ ಕಟ್ ಮಾಡಿ ಕೊಡ್ತೀವಿ, ಕಾಸು ಉಳಿಯತ್ತೆ ಅನ್ನೋರಿದ್ದಾರೆ. ದಯವಿಟ್ಟು ಬೇಡ. ಸುರುಳಿ ಕಮ್ಮಿ ಆದ್ರೆ ಸ್ಪ್ರಿಂಗ್ ಗಟ್ಟಿ ಆಗೋದು ಹೌದು, ಆದ್ರೆ ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ಸಡಿಲ ಆಗಿ ಸೀಟಿಂದ ಹೊರಳ್ಬೋದು. ನಾನು ಲೋಯರ್ ಮಾಡೋಕಂತಲೇ ಬರೋ ಸ್ಪ್ರಿಂಗ್ ಸೆಟ್ಟೂ, ಅದಕ್ಕೆ ಹೊಂದೋ ಗ್ಯಾಸ್ ಡ್ಯಾಂಪರೂ ಒಟ್ಟಿಗೆ ತಂದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಲ್ಲಿ ನಿಂತು ಹಾಕಿಸ್ದೆ. ಸವೆದ ಹಳೇ ಶಾಕ್ ಮೇಲೆ ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ಕಾರು ಉಬ್ಬು ದಾಟಿದ್ಮೇಲೂ ಕುಣೀತಾನೇ ಇರತ್ತೆ.

ಹಾಕಿದ ಮೇಲೆ ಮಂಡಗದ್ದೆ ತಿರುವಲ್ಲಿ ಸ್ಟೇರಿಂಗ್ ತಿರುಗ್ಸಿದ ತಕ್ಷಣ ಮೂತಿ ಒಳಗೆ ಬರತ್ತೆ, ಎಡಕ್ಕೆ ಹೋಗಿ ಬಲಕ್ಕೆ ತಿರುಗೋವಾಗ ಬಾಡಿ ಹಿಂದೆ ಬೀಳಲ್ಲ. ನಿಧಾನಕ್ಕೆ ಹೋಗೋವಾಗ ಸಣ್ಣ ಗುಂಡಿ ಚೂರು ಚುಚ್ಚತ್ತೆ, ಅದನ್ನ ಒಪ್ಕೊಂಡಿದೀನಿ. ಹಂಪ್‌ದು ಬೇರೆ ಕಥೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) 1988ರಲ್ಲಿ ಕೊಟ್ಟ ಲೆಕ್ಕ 10 ಸೆಂ.ಮೀ. ಎತ್ತರ, 3.7 ಮೀ. ಅಗಲ, ಊರೊಳಗೆ ಹಾಕಿರೋವು ಅದಕ್ಕಿಂತ ಚೂಪು, ಐದು ಜನ ಇದ್ದಾಗ ಅಡ್ಡಡ್ಡ ಹತ್ತಿಸ್ತೀನಿ. ತೋಟದ ರಸ್ತೇಲಿ ಮಳೆಗಾಲದಲ್ಲಿ ನಡುವಿನ ದಿಬ್ಬ ಎದ್ದಿರತ್ತಲ್ಲ, ಅಲ್ಲಿಗೆ ದಿನಾ ಕಾರ್ ಒಯ್ಯೋರಾಗಿದ್ರೆ ಎತ್ತರ ಮುಟ್ಲೇಬೇಡಿ, ಡ್ಯಾಂಪರ್ ಮತ್ತೆ ಟೈರ್ ಮಾತ್ರ ಬದಲಾಯ್ಸಿ, ಒಳ್ಳೇ ಲಾಭ ಅದ್ರಲ್ಲೇ ಸಿಗತ್ತೆ.

ಕೆಲಸ ಮುಗಿದ ದಿನಾನೇ ಅಲೈನ್‌ಮೆಂಟ್ ಮಾಡ್ಸಿ, ಎತ್ತರ ಬದಲಾದ್ರೆ ಟೋ (ಮೇಲಿಂದ ನೋಡಿದಾಗ ಚಕ್ರದ ಮೂತಿ ಒಳಗೆ ಅಥ್ವಾ ಹೊರಗೆ ತಿರುಗಿರೋ ಕೋನ) ಬದಲಾಗತ್ತೆ, ಬಿಟ್ರೆ ಟೈರ್ ಒಂದೇ ಅಂಚಲ್ಲಿ ತಿಂದು ಹೋಗತ್ತೆ. ಹೊಸ ಸ್ಪ್ರಿಂಗ್ ಸ್ವಲ್ಪ ದಿನಕ್ಕೆ ಕೂತ್ಕೊಳ್ಳತ್ತೆ, ಆಗ ಇನ್ನೊಂದ್ಸಲ ಚೆಕ್ ಮಾಡ್ಸಿ. ಹೆಡ್‌ಲೈಟೂ ಸರಿ ಮಾಡ್ಕೊಳ್ಳಿ, ಮುಂದೆ ಜಾಸ್ತಿ ಇಳಿದ್ರೆ ಬೆಳಕು ಹತ್ರಾನೇ ಬೀಳತ್ತೆ, ರಾತ್ರಿ ಮಂಜಲ್ಲಿ ಕಾಡುಕೋಣ ಅಡ್ಡ ಬರೋ ರೋಡು ಇದು.